ಯಾರ ಪೈಕಿ ಹುಡುಗ?

ವಿಜಯಪುರ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಗುರುತಿಲ್ಲದ ಹುಡುಗನೊಬ್ಬ ಎದುರಾದರೆ ಕಟ್ಟೆಯ ಮೇಲೆ ಕೂತ ಹಿರಿಯರು ಹೆಸರು ಕೇಳುವ ಮುಂಚೆ ಇನ್ನೊಂದು ಮಾತು ಕೇಳುತ್ತಾರೆ: "ಯಾರ ಪೈಕಿ ತಮ್ಮಾ ನೀ?" ಹುಡುಗ ಅಪ್ಪನ ಹೆಸರನ್ನೋ ಸೋದರಮಾವನ ಹೆಸರನ್ನೋ ಹೇಳಿದರೆ ಸಾಕು. ಅವನ ತಂಟೆಯ ದೂರು ಯಾರ ಮನೆಗೆ ಮುಟ್ಟಬೇಕು, ಅವನಿಗೆ ಹಸಿವಾದರೆ ಯಾರು ಊಟಕ್ಕೆ ಕರೆಯಬೇಕು, ಎಲ್ಲ ಇತ್ಯರ್ಥವಾದಂತೆ. ಮುಂಬಯಿಯಲ್ಲಿ, ಪುಣೆಯಲ್ಲಿ ಅಂಥ ಕಟ್ಟೆಗಳಿಲ್ಲ. ಇಲ್ಲಿ ಆ ಪ್ರಶ್ನೆ ಕೇಳುವ ಹೊಣೆ ಹೊತ್ತಿರುವುದು 2015ರ ಬಾಲ ನ್ಯಾಯ ಕಾಯ್ದೆ. ಅಪರಾಧದ ಆರೋಪ ಹೊತ್ತು ಬಂದ ಹುಡುಗ ಏನು ಮಾಡಿದ ಎಂದು ತಿಳಿಯುವಷ್ಟೇ ಮುತುವರ್ಜಿಯಿಂದ ಅವನು ಯಾರು, ಅವನಿಗೆ ಯಾರಿದ್ದಾರೆ ಎಂದೂ ತಿಳಿದುಕೊಳ್ಳಬೇಕೆಂದು ಅದು ಬಾಲ ನ್ಯಾಯ ಮಂಡಳಿಗೆ ವಿಧಿಸಿದೆ. ಪ್ರಶ್ನೆ ಕಾನೂನಿನಲ್ಲಿ ಸರಿಯಾಗಿಯೇ ಇದೆ. ಉತ್ತರ ಮಂಡಳಿಯ ಮೇಜಿಗೆ ಬರುವ ದಾರಿಯಲ್ಲಿ ಕಳೆದುಹೋಗುತ್ತಿದೆ. ಸುಧಾರಣೆ ಎಂದರೆ ಮಗುವೆಂದು ಪರಿಗಣಿಸುವ ಹದಿನೆಂಟರ ವಯಸ್ಸು ಇಳಿಸುವುದೋ ಬಿಡುವುದೋ ಎಂಬ ವಾದದಲ್ಲೇ ನಾವು ಹತ್ತು ವರ್ಷ ಕಳೆದೆವು, ಈ ದಾರಿಯ ಕಡೆ ತಿರುಗಿ ನೋಡಲಿಲ್ಲ.

ನಾನು ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಎರಡು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, "ಟೀಚರ್, ಒಬ್ಬ ತಾಯಿ ಎರಡು ವಾರದಿಂದ ಅಳ್ತಾ ಇದ್ದಾಳೆ, ಅವಳ ಮಾತು ಅಲ್ಲಿ ಯಾರಿಗೂ ತಿಳೀತಿಲ್ಲ" ಎಂದ. ಯಾದಗಿರಿ ಕಡೆಯ ಕುಟುಂಬ. ಗಂಡ ಹೆಂಡತಿ ಇಬ್ಬರಿಗೂ ಕಟ್ಟಡದ ಕೆಲಸ, ಸೈಟಿನ ತಗಡಿನ ಶೆಡ್ಡಿನಲ್ಲಿ ವಾಸ. ಹದಿನಾರರ ಮಗ ಇನ್ನಿಬ್ಬರು ಹುಡುಗರ ಜೊತೆ ಮೊಬೈಲ್ ಕದ್ದ ಆರೋಪದಲ್ಲಿ ಸಿಕ್ಕಿಬಿದ್ದಿದ್ದ. ಊರು, ಠಾಣೆ, ಮಂಡಳಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಮಗುವಿನ ಗುರುತು ಬಿಟ್ಟುಕೊಡುವುದನ್ನು ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸಿದೆ, ಮತ್ತು ಅದು ಒಳ್ಳೆಯ ಸೆಕ್ಷನ್.

ಹುಡುಗನಿಗೆ ಜಾಮೀನು ಸಿಕ್ಕಿರಲಿಲ್ಲ. ಕಾರಣ ತಾಯಿಗೆ ಗೊತ್ತಿರಲಿಲ್ಲ. ಕಾನೂನು ನೆರವಿನ ವಕೀಲೆ, ಇಪ್ಪತ್ತೈದು ಇಪ್ಪತ್ತಾರರ ಹುಡುಗಿ, ಕಡತ ತಿರುವಿ ಹೇಳಿದಳು: ಹುಡುಗನ ಹಿನ್ನೆಲೆ ವಿಚಾರಿಸಿ ಮಂಡಳಿಗೆ ತಿಳಿಸುವ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ವರದಿಯಲ್ಲಿ ‘ಹುಡುಗ ಮನೆಯಲ್ಲಿ ಇರುವುದಿಲ್ಲ, ಪಾಲಕರ ಹತೋಟಿಯಲ್ಲಿಲ್ಲ’ ಎಂದು ಬರೆದಿದೆ. ನಾನು ತಾಯಿಯನ್ನು ಕೇಳಿದೆ, ಆ ಅಧಿಕಾರಿಗೆ ಏನಂತ ಹೇಳಿದ್ದೆವ್ವಾ ಅಂತ. ಆಕೆ ಅದೇ ಮಾತನ್ನು ಮತ್ತೆ ಹೇಳಿದಳು. "ಅವ ಮನ್ಯಾಗ ಇರಂಗಿಲ್ರೀ ಅಕ್ಕಾರ. ನಸುಕಿನ್ಯಾಗ ಎದ್ದು ಚಾದ ಅಂಗಡಿ ಕೆಲಸಕ್ಕ ಹೋಗ್ತಾನ. ರಾತ್ರಿ ಬಂದು ತಂಗೀ ಮಗ್ಗಲದಾಗ ಕುಂತು ಉಣ್ಣತಾನ." ನಡುವೆ ದುಭಾಷಿಯಾಗಿ ನಿಂತಿದ್ದವನು ಸೈಟಿನ ಮುಕಾದಮ. ಅವನಿಗೆ ಕೆಲಸದ ಅವಸರ. ಮೊದಲ ವಾಕ್ಯವನ್ನಷ್ಟೇ ಹಿಂದಿಗೆ ತಿರುಗಿಸಿ, ‘ಘರ್ ಮೇ ನಹೀ ರಹತಾ’ ಎಂದು ಹೇಳಿ ಹೊರಟುಹೋಗಿದ್ದ. ಹಿಂದಿಯಿಂದ ಮರಾಠಿಗೆ ಇಳಿಯುವಾಗ ದುಡಿಯಲು ಹೋಗುವ ಮಗ ಹತೋಟಿ ತಪ್ಪಿದ ಮಗನಾದ.

ಆ ಅಧಿಕಾರಿಯನ್ನು ದೂರಿ ಪ್ರಯೋಜನವಿಲ್ಲ. ಕೇಳಿಸಿದ್ದನ್ನು ಅವರು ಬರೆದರು. ಆದರೆ ಈ ಕಾಯ್ದೆಯಲ್ಲಿ ಜಾಮೀನಿನ ಸೆಕ್ಷನ್ ಹೇಗಿದೆ ಎಂದು ನೋಡಿದರೆ ಆ ಒಂದು ಸಾಲಿನ ಭಾರ ಗೊತ್ತಾಗುತ್ತದೆ. 12ನೇ ಸೆಕ್ಷನ್ ಪ್ರಕಾರ ಆರೋಪ ಜಾಮೀನಿಗೆ ಅರ್ಹವೋ ಅಲ್ಲವೋ ಎಂಬುದನ್ನು ಲೆಕ್ಕಿಸದೆ ಮಗುವನ್ನು ಬಿಡಬೇಕು. ಜಾಮೀನುದಾರ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ತಡೆಯಲು ಮೂರೇ ಕಾರಣ: ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುವ ಸಂಭವ, ನೈತಿಕವಾಗಿ ಅಥವಾ ದೈಹಿಕವಾಗಿ, ಮಾನಸಿಕವಾಗಿ ಅಪಾಯಕ್ಕೆ ಒಳಗಾಗುವ ಸಂಭವ, ನ್ಯಾಯದ ಉದ್ದೇಶವೇ ಕೆಡುವ ಸಂಭವ. ‘ಹತೋಟಿಯಲ್ಲಿಲ್ಲ’ ಎಂಬ ಒಂದು ಮಾತು ಮೊದಲೆರಡು ಬಾಗಿಲನ್ನೂ ಒಟ್ಟಿಗೆ ಮುಚ್ಚಿಬಿಡುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಈ ಹುಡುಗನನ್ನು ಹಿಡಿದಿಡುವ ಅಗತ್ಯವೇ ಇರಲಿಲ್ಲ. ಗರಿಷ್ಠ ಶಿಕ್ಷೆ ಮೂರು ವರ್ಷ ಮೀರದ ಅಪರಾಧವನ್ನು ಕಾಯ್ದೆ ಸಣ್ಣ ಅಪರಾಧ ಎನ್ನುತ್ತದೆ, ಸಾಮಾನ್ಯ ಕಳ್ಳತನ ಅದರಲ್ಲಿ ಬರುತ್ತದೆ. 2016ರ ಮಾದರಿ ನಿಯಮಗಳ 8ನೇ ನಿಯಮದ ಪ್ರಕಾರ ಘೋರ ಅಪರಾಧವಾಗಿದ್ದರೆ ಅಥವಾ ದೊಡ್ಡವರೂ ಜೊತೆಗಿದ್ದರೆ ಮಾತ್ರ ಎಫ್‌ಐಆರ್. ಉಳಿದದ್ದೆಲ್ಲ ಠಾಣೆಯ ದಿನಚರಿ ಪುಸ್ತಕದಲ್ಲಿ ಬರೆದುಕೊಂಡು, ಹುಡುಗನ ಹಿನ್ನೆಲೆಯ ಟಿಪ್ಪಣಿಯೊಂದಿಗೆ ಮಂಡಳಿಗೆ ಕಳಿಸುವ ಸಂಗತಿ. ಘೋರ ಅಪರಾಧವಲ್ಲದಿದ್ದರೆ, ಮಗುವಿನ ಹಿತಕ್ಕೇ ಬೇಕಾಗದ ಹೊರತು, ವಶಕ್ಕೆ ತೆಗೆದುಕೊಳ್ಳುವ ಹಾಗೂ ಇಲ್ಲ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಲಾಕಪ್ಪಿಗೆ ಹಾಕಬಾರದು, ಕೋಳ ತೊಡಿಸಬಾರದು, 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು. ಇಷ್ಟು ಮೃದುವಾದ ಕಾನೂನು ಕೈಯಲ್ಲಿದ್ದೂ ಆ ಹುಡುಗ 19 ದಿನ ಒಳಗಿದ್ದ.

ಈಗ ಪುಣೆಯ ಕಡೆ ಬರೋಣ, ಯಾಕೆಂದರೆ ಬಾಲ ನ್ಯಾಯ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕಲ್ಯಾಣಿ ನಗರ. 2024ರ ಮೇ 19, ಭಾನುವಾರದ ನಸುಕು. 17 ವರ್ಷದ ಹುಡುಗ ಓಡಿಸುತ್ತಿದ್ದ ಎನ್ನಲಾದ ಪೋರ್ಷೆ ಕಾರು ಬೈಕಿಗೆ ಡಿಕ್ಕಿ ಹೊಡೆದು ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಅದೇ ದಿನ ಮಂಡಳಿಯ ಒಬ್ಬ ಸದಸ್ಯರು ಜಾಮೀನು ಕೊಟ್ಟರು. ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕು ಎನ್ನುವುದು ಷರತ್ತುಗಳಲ್ಲಿ ಒಂದು. ದೇಶವೇ ಸಿಟ್ಟಿಗೆದ್ದಿತು. ಮೂರು ದಿನದಲ್ಲಿ ಆದೇಶ ಬದಲಾಗಿ ಹುಡುಗ, ವಿಚಾರಣೆಯ ಹಂತದಲ್ಲಿ ಮಕ್ಕಳನ್ನು ಇಡುವ ವೀಕ್ಷಣಾಲಯ ಸೇರಿದ. ಜೂನ್ 25ರಂದು ಬಾಂಬೆ ಹೈಕೋರ್ಟ್, ಜಾಮೀನು ರದ್ದಾಗದೆಯೇ ಹೀಗೆ ಒಳಗಿಟ್ಟದ್ದು ಕಾನೂನುಬಾಹಿರವೆಂದು ಹೇಳಿ ಅವನನ್ನು ಅತ್ತೆಯ ಸುಪರ್ದಿಗೆ ಬಿಡಿಸಿತು. ದೊಡ್ಡವನೆಂದೇ ವಿಚಾರಣೆ ನಡೆಸಬೇಕೆಂಬ ಪೊಲೀಸರ ಕೋರಿಕೆಯನ್ನು 2025ರ ಜುಲೈನಲ್ಲಿ ಮಂಡಳಿ ತಳ್ಳಿಹಾಕಿತು.

ಮಕ್ಕಳನ್ನು ಕಳೆದುಕೊಂಡ ಆ ಎರಡು ಮನೆಗಳ ಸಂಕಟದ ಮುಂದೆ ನಿಂತು ಕಾನೂನಿನ ಸೂಕ್ಷ್ಮ ಹೇಳುವುದು ಸುಲಭವಲ್ಲ. ಆದರೂ ಹೇಳಬೇಕು. ಆ ಪ್ರಕರಣದಲ್ಲಿ ಕೊಳೆತದ್ದು ಬಹುಪಾಲು ದೊಡ್ಡವರ ಲೋಕ. ಹುಡುಗನ ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ಬಂಧಿತರಾದವರು ವೈದ್ಯರು ಮತ್ತು ಹೆತ್ತವರು. ಮಹಾರಾಷ್ಟ್ರದಲ್ಲಿ 25 ತುಂಬದವರಿಗೆ ಕಡು ಮದ್ಯ ಕೊಡುವಂತಿಲ್ಲ, ಆದರೂ ಅಪಘಾತಕ್ಕೆ ಮುಂಚೆ ಪಬ್ಬಿನಲ್ಲಿ ಕೂತ ಆ ಹುಡುಗನ ಮೇಜಿಗೆ ಮದ್ಯ ಬಂತು ಎನ್ನಲಾಗಿದೆ. ಅಪ್ರಾಪ್ತ ವಯಸ್ಕನ ಕೈಗೆ ವಾಹನ ಕೊಟ್ಟ ಪಾಲಕರಿಗೆ ಮೂರು ವರ್ಷದವರೆಗೆ ಜೈಲು ಎಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲೇ ಸೇರಿಸಲಾಗಿದೆ. ಜಾಮೀನಂತೂ ಕಾಯ್ದೆ ಎಲ್ಲ ಮಕ್ಕಳಿಗೂ ಕೊಡು ಎಂದಿರುವ ಜಾಮೀನೇ. ಭಾನುವಾರ ಮಂಡಳಿ ಕೂಡದಿದ್ದರೆ ಒಬ್ಬ ಸದಸ್ಯರ ಮುಂದೆಯೇ ಹಾಜರುಪಡಿಸಬಹುದು ಎನ್ನುವುದೂ ಕಾಯ್ದೆಯಲ್ಲಿದೆ. ಆ ಹುಡುಗನಿಗೆ ಒಂದೇ ದಿನದಲ್ಲಿ ದಕ್ಕಿದ್ದು ನಮ್ಮ ಯಾದಗಿರಿಯ ಹುಡುಗನಿಗೆ ಹತ್ತೊಂಬತ್ತು ದಿನ ಯಾಕೆ ದಕ್ಕಲಿಲ್ಲ ಎಂದು ನಾವು ಸಿಟ್ಟಾಗಬೇಕಿತ್ತು. ನಾವು ಕೇಳಿದ್ದು ಅವನಿಗೂ ದಕ್ಕಬಾರದು ಎಂದು. ಹಾಗೆ ಕೇಳಿದಾಗ ಬಿಗಿಯಾಗುವ ಕುಣಿಕೆ ಪೋರ್ಷೆಯ ಹುಡುಗರ ಕುತ್ತಿಗೆಗೆ ಬರುವುದಿಲ್ಲ, ಶೆಡ್ಡಿನ ಹುಡುಗರ ಕುತ್ತಿಗೆಗೆ ಬರುತ್ತದೆ.

ವಯಸ್ಸಿನ ವಾದವನ್ನು ಚುಟುಕಾಗಿ ಮುಗಿಸುತ್ತೇನೆ. ದೆಹಲಿಯ 2012ರ ಘಟನೆಯ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ ವಯಸ್ಸು ಇಳಿಸುವುದು ಬೇಡವೆಂದಿತು. ಸಂಸತ್ತು 2015ರಲ್ಲಿ ನಡುದಾರಿ ಹಿಡಿದು, 16 ದಾಟಿದವರು ಘೋರ ಅಪರಾಧದ ಆರೋಪ ಹೊತ್ತಾಗ ಪ್ರಾಥಮಿಕ ಪರಿಶೀಲನೆ ನಡೆಸಿ ದೊಡ್ಡವರಂತೆ ವಿಚಾರಣೆಗೆ ಕಳಿಸಲು ಅವಕಾಶ ಕೊಟ್ಟಿತು. ಆ ಪರಿಶೀಲನೆಗೆ ಮನಶ್ಶಾಸ್ತ್ರ ಬಲ್ಲವರ ನೆರವು ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ ಮಕ್ಕಳೇ ಆರೋಪಿಗಳಾದ ಎಲ್ಲ ಬಗೆಯ ಪ್ರಕರಣಗಳು 2021ರಲ್ಲಿ 31,170, 2022ರಲ್ಲಿ 30,555. ಆ ವರ್ಷ ದೇಶದಲ್ಲಿ ದಾಖಲಾದ ಒಟ್ಟು ಅಪರಾಧ 58 ಲಕ್ಷ ದಾಟಿದೆ. ನೂರಕ್ಕೆ ಒಂದೂ ಆಗದ ಈ ಪಾಲಿಗಾಗಿ ಇಡೀ ಕಾನೂನನ್ನು ಕಟುವಾಗಿಸಬೇಕೆ?

ಪುಣೆಯವರು ಇದಕ್ಕೆ ‘ಕೊಯ್ತಾ ಗ್ಯಾಂಗ್’ ಎಂದು ಉತ್ತರಿಸುತ್ತಾರೆ. ಅವರ ಭಯ ಸುಳ್ಳಲ್ಲ. ಬೈಕಿನ ಮೇಲೆ ಬಂದು ಅಂಗಡಿಗಳ ಮುಂದೆ ಕತ್ತಿ ಬೀಸುವ ಹುಡುಗರಲ್ಲಿ ಮೀಸೆ ಮೂಡದವರೂ ಇದ್ದಾರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ನಮ್ಮ ‘ಕೊಯ್ಯು’ ನೆನಪಿಗೆ ತರುವ ಪದ. ಯಾರ ಅಪ್ಪ ಅವ್ವ ಅದನ್ನು ಹಿಡಿದು ಹೊಲದಲ್ಲಿ ದುಡಿದರೋ ಅವರ ಮಕ್ಕಳ ಕೈಗೆ ನಗರದಲ್ಲಿ ಅದು ಆಯುಧವಾಗಿ ಬರುವುದನ್ನು ಯೋಚಿಸಿದರೆ ನನಗೆ ಭಯಕ್ಕಿಂತ ಹೆಚ್ಚು ಸಂಕಟವಾಗುತ್ತದೆ. ಆ ಹುಡುಗರನ್ನು ದೊಡ್ಡವರ ಜೈಲಿಗೆ ಕಳಿಸಿದರೆ, ಅವರನ್ನು ಮೊದಲು ಬಳಸಿಕೊಂಡ ದಾದಾಗಳ ಪಕ್ಕದಲ್ಲೇ ಹಾಸಿಗೆ ಹಾಸಿಕೊಟ್ಟಂತೆ.

ವಯಸ್ಸಿನ ವಾದಕ್ಕಿಂತ ವಯಸ್ಸಿನ ದಾಖಲೆಯ ಸಮಸ್ಯೆ ಎಷ್ಟೋ ದೊಡ್ಡದು. 94ನೇ ಸೆಕ್ಷನ್ ಮೊದಲು ಶಾಲೆಯ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ ನೋಡು ಎನ್ನುತ್ತದೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪಾಲಿಕೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮೂಳೆ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗುವುದುಂಟು. ಹದಿನೇಳರ ಹುಡುಗನಿಗೆ ಆ ಎರಡು ವರ್ಷವೇ ಬದುಕು. ಕನ್ನಡ ಶಾಲೆಗಳ ದಾಖಲಾತಿ ಪುಸ್ತಕ ನೋಡಿದವರಿಗೆ ಗೊತ್ತು, ಎಷ್ಟು ಮಕ್ಕಳ ಜನ್ಮದಿನ ಜೂನ್ 1 ಎಂದಿರುತ್ತದೆ. ತಾಯಿ ‘ಸೀಗಿ ಹುಣ್ಣಿವಿಗೆ ಹುಟ್ಯಾನ್ರೀ’ ಎಂದರೆ ಮಾಸ್ತರರು ಅಂದಾಜಿಗೆ ಜೂನ್ 1 ಬರೆದುಬಿಡುತ್ತಿದ್ದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಪುಣೆಗೆ ಬಂದ ಹುಡುಗನಿಗೆ ಆ ಅಂದಾಜಿನ ಕಾಗದವೂ ಊರಿನ ಕಪಾಟಿನಲ್ಲೇ ಉಳಿದಿರುತ್ತದೆ.

ಕಾಗದ ತಡವಾದರೆ ಏನಾಗಬಹುದು ಎನ್ನುವುದಕ್ಕೆ ಪುಣೆಯದ್ದೇ ಉದಾಹರಣೆ ಇದೆ. 1994ರಲ್ಲಿ ಅಲ್ಲಿ ಒಂದೇ ಮನೆಯಲ್ಲಿ ಐವರು ಹೆಂಗಸರು, ಇಬ್ಬರು ಮಕ್ಕಳ ಕೊಲೆಯಾಯಿತು. ಬಂಧಿತರಲ್ಲಿ ರಾಜಸ್ಥಾನದಿಂದ ವಲಸೆ ಬಂದ ಒಬ್ಬನಿದ್ದ. 1998ರಲ್ಲಿ ಅವನಿಗೆ ಮರಣದಂಡನೆಯಾಯಿತು, 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪೊಲೀಸ್ ದಾಖಲೆಯಲ್ಲಿದ್ದ ಹೆಸರು ಒಂದು, ಊರಿನ ಶಾಲೆಯ ಪುಸ್ತಕದಲ್ಲಿದ್ದ ಹೆಸರು ಇನ್ನೊಂದು. ಎರಡೂ ಒಬ್ಬನದೇ ಎಂದು ಸಾಬೀತಾಗಿ, ಘಟನೆ ನಡೆದಾಗ ಅವನಿಗೆ ಹನ್ನೆರಡು ವರ್ಷವಾಗಿತ್ತೆಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 2023ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಅವನು 28 ವರ್ಷ ಜೈಲಿನಲ್ಲಿ ಕಳೆದಿದ್ದ. ಬಾಲ ನ್ಯಾಯದ ಅಡಿಯಲ್ಲಿ ಕೊಡಬಹುದಾಗಿದ್ದ ಗರಿಷ್ಠ ಅವಧಿ ಮೂರು ವರ್ಷ. ಸತ್ತ ಏಳು ಜೀವಗಳನ್ನು ನಾನು ಮರೆಯುತ್ತಿಲ್ಲ. ಆದರೆ ಹನ್ನೆರಡರ ಹುಡುಗನೊಬ್ಬನನ್ನು ನೇಣಿಗೆ ಕಾಯಿಸಿದ್ದು ಯಾವ ಕ್ರೂರ ಕಾನೂನೂ ಅಲ್ಲ. ‘ನಿನ್ನ ಶಾಲೆ ಯಾವುದು, ಅಲ್ಲಿ ನಿನ್ನನ್ನು ಏನಂತ ಕರೆಯುತ್ತಿದ್ದರು’ ಎಂದು ಅವನ ಮಾತಿನಲ್ಲಿ ಕೇಳಿ, ಉತ್ತರದ ಬೆನ್ನು ಹತ್ತಿ ಹೋಗುವವರು ಮೊದಲ ದಿನ ಸಿಗಲಿಲ್ಲ.

ಮುಂಬಯಿಗೆ ಈ ವಿಷಯದಲ್ಲಿ ಉದ್ದ ಚರಿತ್ರೆಯೇ ಇದೆ. ಮಕ್ಕಳಿಗೆ ಪ್ರತ್ಯೇಕ ಕಾನೂನು ತಂದ ಮೊದಲ ಪ್ರಾಂತ್ಯಗಳಲ್ಲಿ ಮುಂಬಯಿಯೂ ಒಂದು, 1924ರಲ್ಲಿ. 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಹುಟ್ಟಿತು. 1882ರಲ್ಲಿ ತಿಳಕರು, ಆಗರ್ಕರರು 101 ದಿನ ಸೆರೆಯಲ್ಲಿದ್ದ ಡೋಂಗ್ರಿಯ ಹೆಸರು ನಂತರದ ತಲೆಮಾರುಗಳಿಗೆ ಮಕ್ಕಳ ರಿಮಾಂಡ್ ಹೋಮಿನ ಹೆಸರಾಯಿತು. ತಂಟೆಕೋರ ಮಗನಿಗೆ ಇಲ್ಲಿನ ತಾಯಂದಿರು ಈಗಲೂ ಅದೇ ಹೆಸರು ಹೇಳಿ ಹೆದರಿಸುತ್ತಾರೆ. 1980ರ ದಶಕದಲ್ಲಿ ಮುಂಬಯಿಯ ಪತ್ರಕರ್ತೆ ಶೀಲಾ ಬಾರ್ಸೆ, ಮಾನ್‌ಖುರ್ದ್‌ನ ವೀಕ್ಷಣಾಲಯದಲ್ಲಿ ಮಕ್ಕಳು ಬಹುಕಾಲ ಕೊಳೆಯುತ್ತಿದ್ದಾರೆ, ಸಂಬಳವಿಲ್ಲದೆ ದುಡಿಸಲಾಗುತ್ತಿದೆ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. ಮಕ್ಕಳ ಪ್ರಕರಣ ನೋಡುವ ನ್ಯಾಯಾಧೀಶರಿಗೆ ವಿಶೇಷ ತರಬೇತಿ ಬೇಕೆಂದು ಕೋರ್ಟ್ 1986ರ ಡಿಸೆಂಬರಿನಲ್ಲೇ ಹೇಳಿತ್ತು. 2018ರಲ್ಲಿ ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ ಅದೇ ಕೋರ್ಟ್, ಮಂಡಳಿಗಳಲ್ಲಿ ಖಾಲಿ ಬಿದ್ದ ಹುದ್ದೆ ತುಂಬಿ ಎಂದು ಮತ್ತೆ ಹೇಳಬೇಕಾಯಿತು.

ಹುದ್ದೆ ತುಂಬುವಾಗ ಯಾವುದು ಮೊದಲು ಎಂದು ನನ್ನನ್ನು ಕೇಳಿದರೆ ಪರಿವೀಕ್ಷಣಾಧಿಕಾರಿಯದು ಎನ್ನುತ್ತೇನೆ. ಮಗು ಮೊದಲ ಬಾರಿ ಹಾಜರಾದ 15 ದಿನದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕಾದವರು ಅವರು. ಮನೆ, ಶಾಲೆ, ಕೆಲಸ, ಗೆಳೆಯರು, ಚಟ, ಹೆದರಿಕೆ, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಜಾಮೀನಿನಿಂದ ಹಿಡಿದು ಕೊನೆಯ ಆದೇಶದವರೆಗೆ, ಬುದ್ಧಿ ಹೇಳಿ ಮನೆಗೆ ಕಳಿಸುವುದೋ, ಸಮಾಜ ಸೇವೆಗೆ ಹಚ್ಚುವುದೋ, ಮೂರು ವರ್ಷದವರೆಗೆ ವಿಶೇಷ ಗೃಹದಲ್ಲಿ ಇಡುವುದೋ, ಎಲ್ಲವೂ ಈ ಕಾಗದವನ್ನು ಆಧರಿಸುತ್ತದೆ. ಇದನ್ನು ಬರೆಯಬೇಕಾದರೆ ಶೆಡ್ಡಿಗೆ ಹೋಗಬೇಕು, ತಾಯಿ ಕೆಲಸ ಮುಗಿಸಿ ಬರುವ ಹೊತ್ತಿಗೆ ಹೋಗಬೇಕು, ಚಹಾದ ಅಂಗಡಿಯವನನ್ನು ಮಾತಾಡಿಸಬೇಕು. ಕಚೇರಿಯ ಪಡಸಾಲೆಯಲ್ಲಿ ನಿಂತು ಹತ್ತು ನಿಮಿಷದಲ್ಲಿ ಆಗುವ ಕೆಲಸವಲ್ಲ. ಊರಿನ ವಿವರ ಬೇಕಿದ್ದರೆ ಯಾದಗಿರಿಯಲ್ಲೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿದೆ, ಅಲ್ಲಿಯವರಿಗೆ ಒಂದು ಪತ್ರ ಬರೆಯಬಹುದು. ಎರಡು ರಾಜ್ಯಗಳ ಇಲಾಖೆಗಳು ಇಂಥ ಪತ್ರಗಳಿಗೆ ವಾರದೊಳಗೆ ಉತ್ತರ ಕೊಡುವ ಪದ್ಧತಿ ಮಾಡಿಕೊಂಡರೆ ಎಷ್ಟೋ ಹುಡುಗರು ಬೇಗ ಮನೆ ಸೇರುತ್ತಾರೆ.

ಭಾಷೆಯ ಮಾತು ಕಾಯ್ದೆಯಲ್ಲೇ ಇದೆ ಎಂದು ನನಗೆ ತೋರಿಸಿದವಳು ಆ ಎಳೆಯ ವಕೀಲೆ. 8ನೇ ಸೆಕ್ಷನ್: ಮಗುವಿಗೆ ಕಲಾಪದ ಭಾಷೆ ತಿಳಿಯದಿದ್ದರೆ ಮಂಡಳಿ ದುಭಾಷಿಯನ್ನು ಕೊಡಬೇಕು, ಅವರಿಗೆ ಸಂಭಾವನೆಯನ್ನೂ ಕೊಡಬೇಕು. ಆದರೆ ಆ ಸಾಲು ಮಗುವಿಗೆ ಎನ್ನುತ್ತದೆ. ನಗರದಲ್ಲಿ ಎರಡು ವರ್ಷ ಕಳೆದ ಹುಡುಗನಿಗೆ ಹಿಂದಿ ಬರುತ್ತದೆ. ಬಾರದಿರುವುದು ತಾಯಿಗೆ. ಹುಡುಗ ಯಾರ ಪೈಕಿ ಎಂದು ಹೇಳಬಲ್ಲವಳು ಆಕೆಯೇ. ದುಭಾಷಿಯ ಹಕ್ಕನ್ನು ಹೆತ್ತವರಿಗೂ, ಮಂಡಳಿಯ ಕೋಣೆಯಿಂದ ಹೊರಗೆ ವರದಿ ಬರೆಯುವ ಹಂತಕ್ಕೂ ನಿಯಮದಲ್ಲೇ ವಿಸ್ತರಿಸಬೇಕು. ನಾನು ಕೇಳುವ ತಿದ್ದುಪಡಿ ಇಷ್ಟು ಚಿಕ್ಕದು.

ಉಳಿದದ್ದು ನಮ್ಮ ಪಾಲಿನ ಕೆಲಸ. ಮಗುವನ್ನು ತಾತ್ಕಾಲಿಕವಾಗಿ ನೋಡಿಕೊಳ್ಳಬಲ್ಲವರನ್ನು ಪರಿಶೀಲಿಸಿ ‘ಯೋಗ್ಯ ವ್ಯಕ್ತಿ’ ಎಂದು ಮಂಡಳಿ ಗುರುತಿಸಬಹುದು, 52ನೇ ಸೆಕ್ಷನ್. ಜಾಮೀನಿನ ಷರತ್ತು ಪೂರೈಸಲಾಗದೆ ಏಳು ದಿನ ಕಳೆದರೆ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತು ಸಡಿಲಿಸಬೇಕೆಂದೂ ಇದೆ. ಆಗ ಎದ್ದು ನಿಂತು ‘ಈ ಹುಡುಗನನ್ನು ನಾನು ಬಲ್ಲೆ’ ಎನ್ನುವವರು ಬೇಕು. ಮುಂಬಯಿ ಕನ್ನಡಿಗರಿಗೆ ಇದು ಹೊಸ ಪಾತ್ರವಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಓದಿದ ಹುಡುಗರ ನಗರ ಇದು. ಹನ್ನೆರಡು ಹದಿಮೂರರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದ ಆ ಹುಡುಗರು ದಾರಿ ತಪ್ಪಲು ಎಲ್ಲ ಕಾರಣಗಳೂ ಇದ್ದವು. ಅವರು ಎರಡು ದಿನ ತರಗತಿಗೆ ಬಾರದಿದ್ದರೆ ಹೋಟೆಲಿಗೇ ಹೋಗಿ ವಿಚಾರಿಸುವ ಮೇಷ್ಟ್ರು ಇದ್ದರು. ರಾತ್ರಿ ಶಾಲೆಗಳು ಒಂದೊಂದಾಗಿ ಮುಚ್ಚಿದವು. ವಲಸೆ ನಿಲ್ಲಲಿಲ್ಲ, ಕರಾವಳಿಯಿಂದ ಬರುತ್ತಿದ್ದವರ ಜಾಗಕ್ಕೆ ಕಲ್ಯಾಣ ಕರ್ನಾಟಕದವರು ಬಂದರು, ಹೋಟೆಲಿನ ಬದಲು ಕಟ್ಟಡದ ಸೈಟಿಗೆ. ಗೋವಾದ ವಾಸ್ಕೋ, ಝುವಾರಿನಗರದಲ್ಲೂ ಅದೇ ಜನ, ಅದೇ ಭಾಷೆ. 2003ರಷ್ಟು ಹಿಂದೆಯೇ ಮಕ್ಕಳಿಗಾಗಿ ತನ್ನದೇ ಕಾಯ್ದೆ ಮಾಡಿದ ಆ ಚಿಕ್ಕ ರಾಜ್ಯದಲ್ಲಿ ಇಂಥ ಕೆಲಸ ಇನ್ನೂ ಸಲೀಸಾಗಬೇಕು. ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಸೇರುವ ಸಭೆಯಲ್ಲಿ ಹತ್ತು ನಿಮಿಷ ಮಾಡಿಕೊಂಡು, ದುಭಾಷಿಗಳಾಗಬಲ್ಲವರ, ಯೋಗ್ಯ ವ್ಯಕ್ತಿಗಳಾಗಬಲ್ಲವರ ಒಂದು ಪಟ್ಟಿ ಬರೆದು ಆಯಾ ಜಿಲ್ಲೆಯ ಮಂಡಳಿಗೆ ಕೊಡಲಿ. ಹದಿನೆಂಟು ತುಂಬಿ ಗೃಹದಿಂದ ಹೊರಬೀಳುವವರಿಗೆ 46ನೇ ಸೆಕ್ಷನ್ನಿನ ನೆರವು, ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ತಿಂಗಳಿಗೆ 4,000 ರೂಪಾಯಿ ಇದೆ ಎಂದು ತಿಳಿಸಿ ಅರ್ಜಿ ತುಂಬಿಸಲೂ ಇದೇ ಪಟ್ಟಿ ಸಾಕು.

ಆ ದಿನ ಮಂಡಳಿಯಲ್ಲಿ ನಾನು ತಾಯಿಯ ಪಕ್ಕ ಕೂತೆ. ಸಮಾಜ ಸೇವಕಿ ಸದಸ್ಯೆ ಕೇಳಿದರು, ತಾರೀಖಿಗೆ ಹುಡುಗ ಬರುತ್ತಾನೆ ಎಂದು ಹೇಗೆ ನಂಬುವುದು? "ನಾ ಕೈ ಹಿಡಕೊಂಡು ಕರಕೊಂಡು ಬರತೀನ್ರೀ" ಎಂದಳು ತಾಯಿ. ನಾನು ಅಷ್ಟನ್ನೇ ಹಿಂದಿಯಲ್ಲಿ ಹೇಳಿದೆ. ಪರಿವೀಕ್ಷಣಾಧಿಕಾರಿ ತಾವಾಗಿಯೇ ವರದಿಗೆ ಒಂದು ಪುಟ ಸೇರಿಸಿದರು, ಸಂಜೆ ಹುಡುಗ ಹೊರಬಂದ. ಹೋಗುವಾಗ ಆ ಅಧಿಕಾರಿ ನನ್ನ ನಂಬರ್ ಬರೆದುಕೊಂಡರು. ಅಲ್ಲಿಂದ ಈವರೆಗೆ ಮೂರು ಸಲ ಕರೆ ಬಂದಿದೆ. ಮೊದಲನೆಯದು ಸುರಪುರ ಕಡೆಯ ಹುಡುಗನಿಗಾಗಿ, ಎರಡನೆಯದು ಲಮಾಣಿ ತಾಂಡಾದ ಹುಡುಗಿಯೊಬ್ಬಳಿಗಾಗಿ. ಮೂರನೆಯ ಸಲ ನಾನು ತಂಗಿಯ ಮಗಳ ಮದುವೆಗೆಂದು ಹುಬ್ಬಳ್ಳಿಯಲ್ಲಿದ್ದೆ. ಬೇರೆ ಯಾರನ್ನಾದರೂ ಹೇಳಿ ಎಂದು ಅವರು ಕೇಳಿದರು, ಕೊಡಲು ನನ್ನ ಹತ್ತಿರ ಇನ್ನೊಂದು ಹೆಸರಿರಲಿಲ್ಲ.